ಹತ್ತನೇದಾಗ ಎಷ್ಟು?

ನಮ್ಮ ಕಾಕಾಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ. ಅವರ ಹತ್ತನೇ ಇಯತ್ತೆಯ ಅಂಕ ಮಾತ್ರ ಮರೆಯುತ್ತಿರಲಿಲ್ಲ! ಮರಾಠಿ ನಾಡಿನ ಧನಕವಡಿಯ ನಮ್ಮ ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ಪ್ರಶ್ನೆ ಬರುತ್ತಿತ್ತು: "ಹತ್ತನೇದಾಗ ಎಷ್ಟು ಬಿದ್ದಿದ್ವು?" ಉತ್ತರ ಸಿಗುವವರೆಗೆ ಅವರು ಕೂಡುತ್ತಿರಲಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಡ್ಡಾಡುತ್ತಿದ್ದರು. ಹತ್ತನೆಯದರಲ್ಲಿ ಅಂಕ ಬಿದ್ದಷ್ಟೇ ಮುಂದಿನ ಬಾಳು ಎಂಬುದು ಅವರ ನಂಬಿಕೆ.

ಒಮ್ಮೆ ಹಲ್ಲುನೋವು ಬಂತು. ದವಾಖಾನೆಯ ಕುರ್ಚಿಯಲ್ಲಿ ಒರಗಿ, ನೋವು ಎಲ್ಲಿ ಎಂದು ಹೇಳುವ ಮೊದಲೇ ಡಾಕ್ಟರರ ಅಂಕ ಕೇಳಿದರು. ಪಾಪ, ಆತ ನಗುತ್ತ ನಿಜ ಹೇಳಿಬಿಟ್ಟ. ಅರವತ್ತೆರಡು! ಕಾಕಾ ಎದ್ದವರೇ ಚಪ್ಪಲಿ ಮೆಟ್ಟಿ ಮನೆಗೆ ಬಂದರು.

"ಅರವತ್ತೆರಡರಾಂವನ ಕೈಯಾಗ ಹಲ್ಲು ಕೊಡ್ಲೇನು?"

"ಕೊಡಬ್ಯಾಡ್ರಿ. ಎಂಟು ದಿವಸ ಗಂಜಿ ಕುಡೀರಿ" ಎಂದಳು ಅವರ ಹೆಂಡತಿ, ನಮ್ಮ ಕಾಕು. ಕುಡಿದರು!

ಪಕ್ಕದ ಮನೆಯ ಹುಡುಗಿಯನ್ನು ನೋಡಲು ಬಾರಾಮತಿಯಿಂದ ವರ ಬಂದ. ಸ್ವಂತ ಡೇರಿ ಇತ್ತು. ಹತ್ತನೆಯದರಲ್ಲಿ ನಲವತ್ತೊಂದು.

"ಈಗ ತೊಂಬತ್ತು ಬಿದ್ದವ್ರು ಇವನ ಕೈಕೆಳಗ ದುಡೀತಾರ್ರಿ" ಎಂದರು ವರನ ತಾಯಿ.

"ಹಂಗಾದ್ರ ಅವರೊಳಗ ಒಬ್ಬನ್ನ ತೋರಿಸ್ರಿ!" ಎಂದರು ಕಾಕಾ.

ಇಂಥವರ ಮನೆಯಲ್ಲಿ ಬೆಳೆದ ನನಗೆ ಬಿದ್ದದ್ದೆಷ್ಟು? ಏಳುನೂರ ಐವತ್ತಕ್ಕೆ ನಾನೂರ ನಲವತ್ತೆಂಟು. ಸರಿಯಾಗಿ ಹೇಳಬೇಕೆಂದರೆ ಐವತ್ತೊಂಬತ್ತು ಪಾಯಿಂಟ್ ಏಳು ಮೂರು. ಫಸ್ಟ್ ಕ್ಲಾಸಿಗೆ ಎರಡು ಅಂಕ ಕಡಿಮೆ.

ಬಿ.ಕಾಂ. ಮುಗಿಸಿ ವಿಮಾನ ನಗರದ ಒಂದು ಕಚೇರಿಗೆ ಅರ್ಜಿ ಹಾಕಿದೆ. ಕಾಕಾ ಗುಮಾಸ್ತರಾಗಿದ್ದ ಕಾರ್ಖಾನೆ ಆಗಷ್ಟೇ ಮುಚ್ಚಿತ್ತು. ಮನೆಗೆ ನನ್ನ ನೌಕರಿ ಬೇಕೇ ಬೇಕಿತ್ತು. ಅರ್ಜಿ ತುಂಬಿದವರು ಅವರೇ.

"ಅರವತ್ತು ಅಂತ ಬರೀರಿ ಕಾಕಾ, ಎಲ್ಲಾರೂ ಹಂಗ ಬರೀತಾರ."

"ಪಾಯಿಂಟ್ ಅಂದ್ರ ಪಾಯಿಂಟ್, ಮಗಳ!"

ಪರೀಕ್ಷೆ ಪಾಸಾದೆ. ಸಂದರ್ಶನವೂ ಆಯಿತು. ಕೊನೆಯ ಮೇಜಿನ ಹುಡುಗಿ ಅಂಕಪಟ್ಟಿ ಬಿಟ್ಟು ಅರ್ಜಿ ಮಾತ್ರ ನೋಡುತ್ತಿದ್ದಳು. ನನ್ನ ಮುಂದಿದ್ದವನು ಐವತ್ತೊಂಬತ್ತೂವರೆಯನ್ನು ಅರವತ್ತು ಎಂದು ಬರೆದದ್ದನ್ನು ಸಾಲಿನಲ್ಲೇ ನನಗೆ ಹೇಳಿದ್ದ. ಅವನ ಅರ್ಜಿಗೆ ಠಸ್ಸೆ ಬಿತ್ತು. ಕಾಕಾನ ದುಂಡು ಅಕ್ಷರಗಳ ಕೆಳಗೆ ಅವಳು ಗೆರೆ ಎಳೆದಳು. ಹತ್ತನೆಯದರಲ್ಲಿ ಅರವತ್ತು ಇರಲೇಬೇಕಂತೆ. ಫೈಲು ಹಿಂದಕ್ಕೆ ಬಂತು.

ಹೊರಗೆ ಗೇಟಿನ ಬಳಿ ಅಡ್ಡಾಡುತ್ತಿದ್ದ ಕಾಕಾಗೆ ಹೇಳಿದೆ. ಅವರು ಬೈಯಲಿಲ್ಲ. ಫೈಲು ಕಸಿದುಕೊಂಡು ಒಳಗೆ ನಡೆದರು. ನಾನು ಹಿಂದೆ ಓಡಿದೆ. ಅಂಕಪಟ್ಟಿಯನ್ನು ಮೇಜಿನ ಮೇಲೆ ಹರವಿ, ಒಂದೊಂದು ವಿಷಯದ ಮೇಲೂ ಬೆರಳಿಟ್ಟರು. ಹೊರಗೆಲ್ಲ ಮರಾಠಿಯನ್ನೇ ಆಡುವ ಮನುಷ್ಯ ಅಂದು ಕನ್ನಡದಲ್ಲಿ ಹೇಳುತ್ತಿದ್ದರು:

"ಬೋರ್ಡಿನವ್ರು ತಪ್ಪು ಕೂಡಿಸ್ಯಾರ, ತಾಯಿ. ಇನ್ನೊಮ್ಮೆ ಕೂಡಿಸಿ ನೋಡ್ರಿ."

ಅವಳಿಗೆ ಏನೂ ತಿಳಿಯಲಿಲ್ಲ. ನಾನು ಅವರ ತೋಳು ಹಿಡಿದು, "ನಡೀರಿ ಕಾಕಾ, ಮನೀಗೆ ಹೋಗೂಣು" ಎಂದೆ.

ಅವರು ಕದಲಲಿಲ್ಲ. ಗಣಿತದಿಂದ ಮತ್ತೆ ಕೂಡಿಸತೊಡಗಿದರು.