ಡೊಂಬಿವ್ಲಿಯ ನಕಲಿ ಗಿರಾಕಿಗಳು

ವೆಬ್‌ಸೈಟ್ ಬೀಳಿಸುವುದೇ ನನ್ನ ಉದ್ಯೋಗವಾದ್ದರಿಂದ ಮುಂಬಯಿ ಪಕ್ಕದ ಠಾಣೆ ಪಟ್ಟಣದ ವಾಗ್ಳೆ ಎಸ್ಟೇಟಿನ ನಮ್ಮ ಆಫೀಸಿನಲ್ಲಿ ನಗುವಿಗೆ ಬರವಿಲ್ಲ. ಸಾವಿರಾರು ನಕಲಿ ಗಿರಾಕಿಗಳನ್ನು ಒಂದು ಸೈಟಿಗೆ ನುಗ್ಗಿಸಿ, ಅದು ತಡೆದುಕೊಳ್ಳುತ್ತದೋ ಎಂದು ನೋಡುವ ಟೂಲ್ ನಮ್ಮಲ್ಲಿದೆ. ಆ ಟೂಲ್‌ಗೆ ಬಾರದ ವಿದ್ಯೆ ಕಲಿಸುವ ಎಕ್ಸ್‌ಟೆನ್ಶನ್ ಬರೆಯುವವನು ನಾನು. ಹೋದ ವರ್ಷ ಬಂದದ್ದು, ಚೌತಿಗೆ ಮುಂಬಯಿಯಿಂದ ಊರಿಗೆ ಬಸ್ ಬಿಡುವ ಒಂದು ಟ್ರಾವೆಲ್ಸಿನ ಬುಕಿಂಗ್ ಸೈಟ್. ಬುಕಿಂಗ್ ತೆರೆದ ಕೂಡಲೇ ಪ್ರತಿ ವರ್ಷವೂ ಮಲಗಿಬಿಡುತ್ತಿತ್ತು. ಈ ಸಲವೂ ಮಲಗಿದರೆ ನಿನ್ನ ಎಕ್ಸ್‌ಟೆನ್ಶನ್‌ಗಳೆಲ್ಲ ಕಸದ ಬುಟ್ಟಿಗೆ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು.

೧. ಮರ್ಯಾದಸ್ಥರು

ಟೂಲ್‌ನ ಗಿರಾಕಿಗಳು ಬಹಳ ಮರ್ಯಾದಸ್ಥರು. ಒಬ್ಬರ ಹಿಂದೆ ಒಬ್ಬರು ಬಂದು, ಕೆಲಸ ಮುಗಿಸಿ ಹೋಗುತ್ತಾರೆ. ನಾನು ಎಲ್ಲರೂ ಒಟ್ಟಿಗೆ ನುಗ್ಗುವಂತೆ, ಒಳಹೊಕ್ಕವರು ಬಾಗಿಲಲ್ಲೇ ನಿಂತುಬಿಡುವಂತೆ ಬರೆದೆ. ಸೈಟ್ ಬಿತ್ತು. ಅದನ್ನು ಕಟ್ಟಿ, ಪರೀಕ್ಷೆ ನೋಡಲು ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರ್ ರೇಗಿದರು: "ಇಂಥಾ ಜನ ಎಲ್ಲಿರ್ತಾರೆ ಸಾರ್?"

ಮರುದಿನ ಬೆಳಿಗ್ಗೆ ಎಂಟೂವರೆಗೆ ಅವರನ್ನು ಡೊಂಬಿವ್ಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿಸಿದೆ. ಠಾಣೆಯಲ್ಲಿ ಇಳಿದಾಗ ಅವರ ಅಂಗಿಗೆ ಎರಡು ಗುಂಡಿ ಇರಲಿಲ್ಲ. ಉಸಿರು ಸಿಕ್ಕಿದ ಮೇಲೆ ಅಂದರು: "ನೀವು ಬರ್ದಿರೋದು ಕಮ್ಮಿ ಆಯ್ತು ಸಾರ್."

೨. ಸಂಶೋಧನೆ

ಟೂಲ್‌ನ ಗಿರಾಕಿ ಬಟನ್ ಒಮ್ಮೆ ಒತ್ತಿ ಉತ್ತರಕ್ಕೆ ಕಾಯುತ್ತಾನೆ. ನಮ್ಮ ಅಮ್ಮ ಆರು ಸಲ ಒತ್ತುತ್ತಾಳೆ, ಆಮೇಲೆ ಅಪ್ಪನ ಫೋನ್ ಕಿತ್ತುಕೊಂಡು ಅದರಲ್ಲೂ ಒತ್ತುತ್ತಾಳೆ. ಅದನ್ನೂ ಬರೆದೆ. ಒಬ್ಬಳೇ ಗಿರಾಕಿಗೆ ಏಳು ಸೀಟು ಬುಕ್ ಆದವು! ಇಂಜಿನಿಯರ್ ತಲೆ ಕೆರೆದುಕೊಂಡು ಆ ತಪ್ಪನ್ನೂ ತಿದ್ದಿದರು. ಇದೆಲ್ಲ ಯಾವ ಪುಸ್ತಕದಲ್ಲಿದೆ ಎಂದು ಮ್ಯಾನೇಜರ್ ಕೇಳಿದರು.

"ಪುಸ್ತಕದಲ್ಲಿಲ್ಲ ಸರ್, ನಮ್ಮ ಹಾಲ್‌ನಲ್ಲಿದೆ. ಸೋಫಾ ಮೇಲೆ."

೩. ಬೆಳಿಗ್ಗೆ ಹತ್ತು ಗಂಟೆ

ಬುಕಿಂಗ್ ತೆರೆಯಿತು. ನಿಜವಾದ ಜನ ನುಗ್ಗಿದರು, ಒತ್ತಿದರು, ಮತ್ತೆ ಒತ್ತಿದರು. ಸೈಟ್ ಜಪ್ಪಯ್ಯ ಅನ್ನಲಿಲ್ಲ. ಕೆಲವೇ ನಿಮಿಷಗಳಲ್ಲಿ ಬಸ್ಸುಗಳೆಲ್ಲ ಭರ್ತಿ. ಮ್ಯಾನೇಜರ್ ಪೇಢಾ ಹಂಚಿ, ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಹೆಮ್ಮೆಯಿಂದ ಕಣ್ಣು ತುಂಬಿಬಂತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಕಲ್ಯಾಣದಿಂದ ದೊಡ್ಡಮ್ಮನ ಫೋನ್. "ಎಂತ ಮಾರಾಯ, ಚೌತಿಗೆ ಬಸ್ಸೇ ಸಿಕ್ಕಲಿಲ್ಲ!"

"ಯಾಕೆ ದೊಡ್ಡಮ್ಮ, ಸೈಟ್ ಹ್ಯಾಂಗ್ ಆಯ್ತಾ?"

"ಆಗ್ಲೇ ಇಲ್ಲ, ಅದೇ ತೊಂದರೆ! ಪ್ರತಿ ವರ್ಷ ಹ್ಯಾಂಗ್ ಆಗ್ತಿತ್ತು, ಬಾಕಿಯವರೆಲ್ಲ ಬೇಜಾರಾಗಿ ಬಿಟ್ಟು ಹೋಗ್ತಿದ್ರು, ನಾನು ಪಟ್ಟು ಬಿಡದೆ ಕೂತು ಎರಡು ಸೀಟ್ ಹಿಡೀತಿದ್ದೆ. ಈ ಸಲ ಯಾವ ಪುಣ್ಯಾತ್ಮ ಅದನ್ನು ಸರಿ ಮಾಡಿದ್ನೋ, ಒಮ್ಮೆ ನನ್ನ ಕೈಗೆ ಸಿಗ್ಲಿ!"

ಬಾಯಲ್ಲಿದ್ದ ಪೇಢಾ ನುಂಗಿಕೊಂಡು, "ವಿಚಾರಿಸ್ತೇನೆ ದೊಡ್ಡಮ್ಮ" ಎಂದೆ.