ನಗುವಿನ ರಜಿಸ್ಟರು

ಎರಡು ಸಾವಿರದ ಎರಡನೇ ಇಸವಿಯ ಜುಲೈ ಒಂದರಿಂದ ಒಂದನೇ ಇಯತ್ತೆಯ ಮಕ್ಕಳು ನಗುತ್ತಾ ಓದತಕ್ಕದ್ದೆಂದು ಮೇಲಿನಿಂದ ಆದೇಶವಾಯಿತು. ಹಳ್ಳಿಖೇಡ ಕಡೆಯ ಕಬ್ಬಿನ ಹೊಲಗಳ ನಡುವೆ ಶಾಲೆ ನಡೆಸುತ್ತಿದ್ದ ಧನರಾಜ ಮಾಸ್ತರರು ಹಿರಿಹಿರಿ ಹಿಗ್ಗಿದರು. ಹುಮನಾಬಾದದ ತರಬೇತಿಯಲ್ಲಿ ಎದ್ದು ನಿಂತು ಈ ಸಲಹೆ ಕೊಟ್ಟ ಜಾಣರು ಅವರೇ. ಸುಮ್ಮನೆ ಚಹಾ ಕುಡಿದು ಬರಬಹುದಿತ್ತು.

ಇಪ್ಪತ್ತು ಬಣ್ಣದ ಚಿತ್ರಪುಸ್ತಕಗಳು ಬಂದವು. ಬೆನ್ನಿಗೇ ಸುತ್ತೋಲೆ: ಪುಸ್ತಕಗಳನ್ನು ಕುರ್ಚಿ, ಗಂಟೆ, ನೀರಿನ ಹಂಡೆಗಳ ಜೊತೆ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ದಾಖಲಿಸತಕ್ಕದ್ದು, ತಪಾಸಣೆಯಂದು ಪ್ಲಾಸ್ಟಿಕ್ ಹೊದಿಕೆ ಸಮೇತ ಹಾಜರುಪಡಿಸತಕ್ಕದ್ದು, ಪ್ರತಿ ಮಗುವಿನ ನಗುವನ್ನು ದಿನಾಲೂ ‘ಪೂರ್ಣ’ ಅಥವಾ ‘ಅರ್ಧ’ ಎಂದು ನಮೂದಿಸತಕ್ಕದ್ದು.

ಪ್ಲಾಸ್ಟಿಕ್ ಹರಿದೀತೆಂದು ಹೆದರಿ ಮಾಸ್ತರರು ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಮಕ್ಕಳಿಗೆ ಖಾಲಿ ಕೈ ಚಾಚಿ, ಇಲ್ಲದ ಪುಸ್ತಕ ಹಿಡಿದು, ಇಲ್ಲದ ಹಾಳೆ ತಿರುವಲು ಕಲಿಸಿದರು. ಒಳಗಿನ ಕತೆ ಅವರಿಗೂ ಗೊತ್ತಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಕಂಡದ್ದು ಮೇಲಿನ ಪುಸ್ತಕದ ರಟ್ಟಿನ ಮೇಲಿದ್ದ ಆಡು ಮಾತ್ರ. ಹಾಗಾಗಿ ಮೂರನೇ ಹಾಳೆಗೆ ನಗಬೇಕೆಂದು ತಾವೇ ಗೊತ್ತುಮಾಡಿದರು.

ಎಲ್ಲರೂ ನಕ್ಕರು, ಸಾಕ್ಷಿ ಒಬ್ಬಳನ್ನು ಬಿಟ್ಟು. ಪೂರ್ಣವೂ ಇಲ್ಲ, ಅರ್ಧವೂ ಇಲ್ಲ, ರಜಿಸ್ಟರಿನಲ್ಲಿ ಅವಳ ಸಾಲು ಖಾಲಿ ಉಳಿಯಿತು. ಅವಳು ಆಡು ಕಾಯುವ ಮಡೆಪ್ಪನ ಮೊಮ್ಮಗಳು. ದಸರೆಯೊಳಗೆ ಹುಡುಗಿಗೆ ಶಾಲೆ ಮನಸ್ಸಿಗೆ ಬಂದರೆ ಸರಿ, ಇಲ್ಲವಾದರೆ ಆಡಿನ ಜೊತೆ ಗೋರ್ಟಾ ಕಡೆ ಕರಕೊಂಡು ಹೋಗುತ್ತೇನೆಂದು ಮಡೆಪ್ಪ ಮೊದಲೇ ಹೇಳಿದ್ದ. ಅಕ್ಷರ ಒಮ್ಮೆ ತೋರಿಸಿದರೆ ಸಾಕು, ಹಿಡಿಯುತ್ತಿದ್ದಳು. ಅವಳನ್ನು ಕಳಕೊಳ್ಳುವುದು ಮಾಸ್ತರರಿಗೆ ಸುತರಾಂ ಬೇಡವಾಗಿತ್ತು.

“ಸರ್, ಆ ಆಡಿನ ಬುಕ್ ಒಮ್ಮಿ ಕೈಯಾಗ ಕೊಡ್ರಿ. ಒಳಗ ಅದು ಏನ್ ಮಾಡಾಕತ್ತದ ನೋಡ್ತೀನಿ,” ಎಂದು ಸಾಕ್ಷಿ ಒಂದು ದಿನ ಕೇಳಿದಳು.

ಮಾಸ್ತರರ ಕೈ ಜೇಬಿಗೆ ಹೋಯಿತು. ಕೀಲಿಕೈ ಜೇಬಿನಲ್ಲೇ ಇತ್ತು. “ತಪಾಸಣಿ ಆಗ್ಲಿ ತಂಗಿ, ಆಮ್ಯಾಲ ನೋಡೂಣು,” ಎಂದರು. ತನ್ನಂಥ ಪುಕ್ಕಲ ಇಡೀ ತಾಲೂಕಿನಲ್ಲಿಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಬೈದುಕೊಂಡು ಕಪಾಟಿಗೆ ಇನ್ನೊಂದು ಕೀಲಿ ಹಾಕಿದರು.

ತಪಾಸಣೆ ಬಂದದ್ದು ದಸರೆ ಕಳೆದು. ಅಷ್ಟರಲ್ಲಿ ಸಾಕ್ಷಿ ಹೋಗಿಬಿಟ್ಟಿದ್ದಳು. ಕರಕೊಂಡು ಹೋಗುವಾಗ ಮಡೆಪ್ಪ ಜಗಳವಾಡಲಿಲ್ಲ. “ನಿಮ್ಮ ಆಡು ಕೀಲಿಯಾಗ ಅದ ಸರ್. ನಮ್ಮವು ಮುಟ್ಟಿದ್ರ ಏನೂ ಅನ್ನಂಗಿಲ್ಲ,” ಎಂದಿದ್ದ.

ತಪಾಸಣೆಯ ಸಾಹೇಬರು ಇಪ್ಪತ್ತೂ ಪುಸ್ತಕಗಳ ಪ್ಲಾಸ್ಟಿಕ್ ತಟ್ಟಿ ನೋಡಿ ಮೆಚ್ಚಿದರು. ಮಕ್ಕಳು ಖಾಲಿ ಕೈಯಲ್ಲಿ ಓದಿ, ಮೂರನೇ ಹಾಳೆಗೆ ಘೊಳ್ಳೆಂದು ನಕ್ಕರು. ಪುಸ್ತಕವಿಲ್ಲದೆಯೇ ಇಷ್ಟು ಆನಂದವಾಗುತ್ತಿರುವುದರಿಂದ ಸಾಹೇಬರು ಪುಸ್ತಕಗಳನ್ನು ಬಸವಕಲ್ಯಾಣದ ಪ್ರದರ್ಶನಕ್ಕೆ ಕಳಿಸಿಕೊಡಲು ಆದೇಶಿಸಿದರು. ಕೊನೆಗೆ ರಜಿಸ್ಟರಿನಲ್ಲಿ ಸಾಕ್ಷಿಯ ಸಾಲು ಖಾಲಿ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಆ ಹುಡುಗಿ ಶಾಲೆ ಬಿಟ್ಟು ಹೋದಳೆಂದು ಮಾಸ್ತರರು ತಲೆ ತಗ್ಗಿಸಿ ಹೇಳಿದರು.

“ಹುಡುಗಿ ಇಲ್ಲದಿದ್ರೂ ನಡೀತದ್ರಿ ಮಾಸ್ತರ್. ಕಾಲಂ ಖಾಲಿ ಇರಬಾರ್ದು.”

ಪುಸ್ತಕವಿಲ್ಲದ ಓದನ್ನು ಕಲಿಸಿದ ಮಾಸ್ತರರು ಯಾವ ಬಾಯಿಂದ ಬೇಡವೆಂದಾರು? ಪೆನ್ನು ತೆಗೆದು, ಜುಲೈ ಒಂದರಿಂದ ಅಂದಿನವರೆಗೆ ಸಾಕ್ಷಿಯ ಹೆಸರಿನ ಮುಂದೆ ‘ಪೂರ್ಣ’, ‘ಪೂರ್ಣ’ ಎಂದು ದುಂಡಗೆ ಬರೆದರು. ಸಾಹೇಬರು ಸಹಿ ಹಾಕಿದರು. ಮರುದಿನ ಶಾಲೆಗೆ ಬಂದು ಮಾಸ್ತರರು, ಯಾರೂ ಹೇಳದಿದ್ದರೂ, ಎಲ್ಲರಿಗಿಂತ ಮೊದಲು ಅವಳ ನಗುವನ್ನೇ ಬರೆದರು.