ಹವಳಕ್ಕೆ ಹನ್ನೆರಡು ಗಂಟೆ ಬಿಸಿಲು

ಊರು ಏಳುವುದರೊಳಗೆ ನಾರ್ವೆಯ ಉತ್ತರ ತುದಿಯ ಟ್ರೋಮ್ಸೋದ ರಸ್ತೆಗಳ ಹಿಮವನ್ನೆಲ್ಲ ಪಕ್ಕಕ್ಕೆ ತಳ್ಳಿ ಬರುವ ಗಂಡಸು ನಾನು! ಇಪ್ಪತ್ತಾರು ವರ್ಷದಿಂದ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದೇನೆ. ನನಗೆ ಎದುರು ನಿಲ್ಲುವ ಹಿಮದ ಗುಡ್ಡೆ ಇನ್ನೂ ಹುಟ್ಟಿಲ್ಲ. ಅಂಥ ಈ ಓಡ್ವಾರ್‌ಗೆ ಗಾಜಿನ ತೊಟ್ಟಿಯಲ್ಲಿ ಬೆಳೆಯುವ ಒಂದು ಜೀವಂತ ಹವಳವನ್ನು ನೋಡಿಕೊಳ್ಳುವುದು ಯಾವ ಮಹಾ ವಿದ್ಯೆ? ಡಿಸೆಂಬರ್ ಒಂದರಂದೇ ಪ್ರತಿಜ್ಞೆ ಮಾಡಿಬಿಟ್ಟೆ. ಎರಡು ತಿಂಗಳು ತಲೆಮರೆಸಿಕೊಳ್ಳುವ ನಮ್ಮ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ಇಪ್ಪತ್ತೊಂದಕ್ಕೆ. ನನ್ನ ಹೆಂಡತಿ ಟೋರಿಲ್ ವಾಪಸು ಬರುವುದೂ ಅವತ್ತೇ. ಅಷ್ಟರಲ್ಲಿ ಅವಳ ಹವಳವನ್ನು ಎರಡರಷ್ಟು ಬೆಳೆಸಿ, ಅವಳು ಮೂಗಿನ ಮೇಲೆ ಬೆರಳಿಡುವಂತೆ ಮಾಡುತ್ತೇನೆ!

ಟೋರಿಲ್ ನರ್ಸು. ಕೀಲುನೋವಿನ ನಮ್ಮ ಮುದುಕರು ಚಳಿಗಾಲಕ್ಕೆ ಸ್ಪೇನಿಗೆ ಹೋಗಿ ಬಿಸಿಲು ಕಾಯಿಸುವ ಆರೋಗ್ಯಧಾಮವೊಂದರಲ್ಲಿ ಏಳು ವಾರದ ಕೆಲಸ ಒಪ್ಪಿಕೊಂಡಿದ್ದಳು. ಹವಳ ನಮ್ಮ ಮದುವೆಗೆ ಉಡುಗೊರೆಯಾಗಿ ಬಂದದ್ದು. ಆಗ ಹೆಬ್ಬೆರಳಿನಷ್ಟಿತ್ತು, ಈಗ ಎಲೆಕೋಸಿನಷ್ಟಿದೆ. ಮೈತುಂಬ ಹಸಿರು ಬೆರಳುಗಳು. ಹೊರಡುವ ದಿನ ಬಾಗಿಲಲ್ಲಿ ನಿಂತು ಪಾಠ ಮಾಡಿದಳು.

“ದೀಪ ದಿನಕ್ಕೆ ಎಂಟು ಗಂಟೆ, ಅದೂ ಅರ್ಧ ಶಕ್ತಿಯಲ್ಲಿ. ನೀರಿನ ಹರಿವು ಬೆರಳುಗಳು ಮೆಲ್ಲಗೆ ತೂಗಾಡೋ ಅಷ್ಟು. ಜೋರಾದ್ರೆ ಅದರ ಮೈ ಹರಿದುಹೋಗುತ್ತೆ. ಅರ್ಥ ಆಯ್ತಾ?”

“ಆಯ್ತು.”

“ಏನು ಅರ್ಥ ಆಯ್ತು?”

“ದೀಪ. ನೀರು.”

“ಓಡ್ವಾರ್, ನೀನು ಏನೂ ಮಾಡದೆ ಸುಮ್ಮನಿದ್ರೆ ಅದೇ ದೊಡ್ಡ ಉಪಕಾರ ಮಾರಾಯ!”

ಸುಮ್ಮನಿರುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಬಲ್ಲೆ!

ಬೆಳಿಗ್ಗೆ ಹತ್ತಕ್ಕೆ ಕೆಲಸ ಮುಗಿಸಿ ಬಂದರೆ ಹೊರಗೆ ಕತ್ತಲು, ಒಳಗೆ ಯಾರೂ ಇಲ್ಲ. ಅಭ್ಯಾಸಬಲದಿಂದ ಎರಡು ಲೋಟ ಇಟ್ಟು, ಒಂದನ್ನು ವಾಪಸು ಎತ್ತಿಡುತ್ತಿದ್ದೆ. ಮಧ್ಯಾಹ್ನ ಹನ್ನೆರಡಕ್ಕೂ ಕಿಟಕಿಯಾಚೆ ಬರೀ ನೀಲಿ ಮಬ್ಬು. ಮನೆಯಲ್ಲಿ ಬಿಸಿಲು ಅಂತ ಕರೆಸಿಕೊಳ್ಳಬಹುದಾದದ್ದು ಹವಳದ ತಲೆಯ ಮೇಲಿನ ಆ ದೀಪ ಒಂದೇ. ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತು ಕಾಫಿ ಕುಡಿಯುತ್ತಿದ್ದೆ. ಸಂಜೆ ಆರಕ್ಕೆ ದೀಪ ಟಕ್ಕೆಂದು ಆರಿದರೆ, ಟೋರಿಲ್ ಆಗಷ್ಟೇ ಇನ್ನೊಂದು ಸಲ ಮನೆ ಬಿಟ್ಟು ಹೋದಳೇನೋ ಅನಿಸುತ್ತಿತ್ತು.

‘ಪಾಪ, ಹವಳಕ್ಕೆ ಬೇಜಾರು’ ಅಂದುಕೊಂಡು ಎಂಟು ಗಂಟೆಯನ್ನು ಹತ್ತು ಮಾಡಿದೆ. ಹತ್ತು ಹನ್ನೆರಡಾಯಿತು. ಆಮೇಲೆ ಅರ್ಧ ಶಕ್ತಿ ಯಾಕೆ, ನಾವೇನು ಬಡವರೇ ಅಂತ ದೀಪವನ್ನು ಪೂರ್ತಿ ಏರಿಸಿದೆ. ಎಂಥ ಬೆಳಕು! ಅಂಗಿ ಬಿಚ್ಚಿ, ಚಡ್ಡಿಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ತೊಟ್ಟಿಯ ಪಕ್ಕ ಕಾಲು ಚಾಚಿ ಕೂತರೆ ಸ್ಪೇನಿನ ಕಡಲತೀರ ನನ್ನ ಮುಂದೆ ಏನೂ ಅಲ್ಲ!

ಮೂರನೇ ವಾರಕ್ಕೆ ಹವಳ ಬೆಳೆಯುವುದಿರಲಿ, ಹೆಚ್ಚುಕಮ್ಮಿ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಬಿಳಿಚಿಕೊಂಡಿತು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿರುತ್ತವಂತೆ. ಬೆಳಕಿನಿಂದ ಅದಕ್ಕೆ ಅಡುಗೆ ಮಾಡಿಹಾಕುವವು ಅವೇ. ಉರಿ ಹೆಚ್ಚಾದರೆ ಅಡುಗೆಯವರು ಅಡುಗೆಮನೆ ಬಿಟ್ಟೇ ಓಡುತ್ತಾರೆ! ಇದೆಲ್ಲ ಗೊತ್ತಾದದ್ದು ಆಮೇಲೆ.

“ಹವಳದ ಫೋಟೋ ಕಳಿಸು” ಅಂದಳು ಟೋರಿಲ್ ಫೋನಿನಲ್ಲಿ.

ನನ್ನ ಫೋನಿನಲ್ಲಿ ಅದರ ಹಳೆಯ ಫೋಟೋಗಳು ನಲವತ್ತಿದ್ದವು. ನನಗೆ ತುಂಬ ಇಷ್ಟವಾದದ್ದೊಂದನ್ನು ಆರಿಸಿ ಕಳಿಸಿದೆ.

“ಹೆಂಗಿದೆ?”

“ಹ್ಞೂಂ... ಚೆನ್ನಾಗಿದೆ. ನಾಳೆನೂ ಕಳಿಸು.”

ಗೆದ್ದೆ! ಮಾರನೇ ದಿನ ಇನ್ನೊಂದು, ಅದರ ಮಾರನೇ ದಿನ ಮತ್ತೊಂದು. ದಿನಾ ಕಳಿಸುತ್ತಾ ಹೋದೆ.

ಈ ಕಡೆ ಹವಳ ಇನ್ನಷ್ಟು ಮುದುಡಿತು. ನೀರಿನ ಓಡಾಟ ಸಾಲದು ಅಂತ ತೀರ್ಮಾನಿಸಿ, ಕ್ರಿಸ್‌ಮಸ್ ಕಳೆದ ಮೇಲೊಂದು ಮಧ್ಯಾಹ್ನ ಪಂಪಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಹೊರಗೆ ಉಳಿದಿದ್ದ ನಾಲ್ಕು ಬೆರಳುಗಳು ಪಟಪಟನೆ ಆಡಿದವು. ವಿಮಾನ ನಿಲ್ದಾಣದಲ್ಲಿ ಟೋರಿಲ್ ಹೀಗೇ ಕೈ ಬೀಸಿದ್ದಳು. ನನ್ನ ಕೈ ತಾನಾಗಿಯೇ ಮೇಲೆದ್ದು ಹವಳಕ್ಕೆ ಟಾಟಾ ಮಾಡಿತು!

ಅಷ್ಟರಲ್ಲಿ ತೊಟ್ಟಿಯ ತಳದ ಮರಳು ಎದ್ದಿತು. ಹವಳದ ಜೊತೆಗಿದ್ದ ಒಂದೇ ಒಂದು ಮೀನು ದಿಕ್ಕು ತಪ್ಪಿ ಕಲ್ಲಿನ ಸಂದಿಗೆ ನುಗ್ಗಿತು. ನೀರು ಅಂಚು ದಾಟಿ ನೆಲಕ್ಕೆ ಸುರಿಯಿತು. ಕಾಲುಚೀಲ ಒದ್ದೆ ಮಾಡಿಕೊಂಡು ನಾನು ತಿರುಪಿಗಾಗಿ ತಡಕಾಡುತ್ತಿರುವಾಗಲೇ ಫೋನು!

“ಓಡ್ವಾರ್, ಇಲ್ಲಿ ಈಸ್ಟರ್‌ವರೆಗೂ ಇರು ಅಂತಿದ್ದಾರೆ. ಏನು ಹೇಳ್ಲಿ?”

ಬೇಡ, ನಾಳೆಯೇ ಬಂದುಬಿಡು, ನೀನಿಲ್ಲದೆ ಈ ಮನೆಯಲ್ಲಿ ಉಸಿರು ಕಟ್ಟುತ್ತಿದೆ ಅನ್ನಬೇಕಿತ್ತು. ಆದರೆ ಬಂದರೆ ಹವಳ ನೋಡುತ್ತಾಳಲ್ಲ!

“ಇರು, ಇರು! ಇಲ್ಲೇನು ಮುಳುಗಿಹೋಗ್ತಾ ಇದೆ?” ಅಂದೆ, ನೀರಿನಲ್ಲಿ ನಿಂತುಕೊಂಡು.

“ಹೌದಾ... ನೋಡ್ತೀನಿ” ಅಂದು ಇಟ್ಟಳು.

ಫೋನು ಕೆಳಗಿಟ್ಟು ಪಂಪು ಆರಿಸುವಷ್ಟರಲ್ಲಿ ಬಾಗಿಲು ಡಬಡಬ ಸದ್ದು ಮಾಡಿತು. ಕೆಳಗಿನ ಮನೆಯ ಹಾಲ್ದಿಸ್ ಅಜ್ಜಿ, ವಯಸ್ಸು ಎಂಬತ್ತೊಂದು, ಕೈಯಲ್ಲಿ ಬಕೆಟ್ಟು.

“ಚಳಿಗಾಲಕ್ಕೆ ಅಂತ ನನ್ನ ಜೆರೇನಿಯಂ ಗಿಡಗಳನ್ನ ಕತ್ತಲಕೋಣೇಲಿ ಮಲಗಿಸಿದ್ದೆ ಕಣಯ್ಯಾ. ಅವುಗಳ ಮೇಲೆ ಉಪ್ಪುನೀರಿನ ಮಳೆ ಬೀಳ್ತಿದೆ!” ಎನ್ನುತ್ತಾ ಒಳಗೆ ಬಂದವಳು ನನ್ನ ಚಡ್ಡಿ ನೋಡಿದಳು, ಕಪ್ಪು ಕನ್ನಡಕ ನೋಡಿದಳು, ಕೊನೆಗೆ ಹವಳ ನೋಡಿದಳು. “ಅಯ್ಯೋ! ಎಷ್ಟು ಗಂಟೆ ಉರಿಸ್ತೀಯಾ ಆ ದೀಪಾನ?”

“ಹನ್ನೆರಡು.”

“ಅಷ್ಟು ಬೆಳಕು ಅದಕ್ಕೆ ಬೇಕಿತ್ತೋ, ನಿನಗೋ?”

ಮುಖವನ್ನು ತೊಟ್ಟಿಯ ಕಡೆ ತಿರುಗಿಸಿ ಕೆನ್ನೆ ಒರೆಸಿಕೊಂಡೆ.

“ಅಳ್ತಿದ್ದೀಯಾ?”

“ಇಲ್ಲ ಅಜ್ಜಿ, ತೊಟ್ಟಿ ನೀರು ಸಿಡೀತು.”

“ಕನ್ನಡಕದ ಒಳಗಾ?” ಅಂದಳು ಅಜ್ಜಿ. ಆಮೇಲೆ ನೆಲ ಒರೆಸುವ ಬಟ್ಟೆಯನ್ನು ಕೇಳದೆಯೇ ಎತ್ತಿಕೊಂಡಳು.

ಅವತ್ತೇ ದೀಪವನ್ನು ತಗ್ಗಿಸಿದೆ, ಹವಳವನ್ನು ಕಲ್ಲಿನ ನೆರಳಿಗೆ ಸರಿಸಿದೆ, ಪಂಪನ್ನು ಮೆಲ್ಲಗೆ ಮಾಡಿದೆ. ಹವಳಕ್ಕೆ ಎಷ್ಟು ಬೇಕೋ ಅಷ್ಟೇ. ಉಳಿದ ಹೊತ್ತು ಕತ್ತಲಲ್ಲೇ ಕೂತು ಕಾಫಿ ಕುಡಿದೆ. ಮೂರು ವಾರ ಸುಮ್ಮನಿದ್ದೆ. ನನ್ನ ಜೀವಮಾನದಲ್ಲೇ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ!

ಜನವರಿ ಇಪ್ಪತ್ತೊಂದು ಬಂತು. ಬರುತ್ತೇನೆ ಅಂತ ಅವಳು ಹೇಳಿರಲಿಲ್ಲ, ಬಾ ಅಂತ ನಾನೂ ಹೇಳಿರಲಿಲ್ಲ. ಆದರೂ ಅವತ್ತು ಊರೆಲ್ಲ ತಿನ್ನುವ ಸೂರ್ಯನ ಬನ್ನು, ಹೊಟ್ಟೆಯಲ್ಲಿ ಜಾಮು ತುಂಬಿದ್ದು, ಎರಡು ತಂದಿಟ್ಟೆ. ಹನ್ನೊಂದೂವರೆಗೆ ಬಾಗಿಲು ತೆರೆಯಿತು. ಟೋರಿಲ್! ಬೂಟು ಕೂಡ ಬಿಚ್ಚದೆ ನೇರ ತೊಟ್ಟಿಯ ಮುಂದೆ ಹೋಗಿ ನಿಂತಳು. ನಾನೂ ಓಡಿಹೋಗಿ ಪಂಪಿನ ಪಕ್ಕ ನಿಂತೆ. ಬಿಳಿಚಿದ ಹವಳದಲ್ಲಿ ಏಳು ಬೆರಳು ಹೊರಬಂದು ಮೆಲ್ಲಗೆ ತೂಗಾಡುತ್ತಿದ್ದವು.

“ತಪ್ಪಾಯ್ತು ಟೋರಿಲ್. ನಾನು ಕಳಿಸಿದ್ದೆಲ್ಲ ಹಳೇ ಫೋಟೋ.”

“ಗೊತ್ತು. ಮೊದಲನೇ ದಿನವೇ ಗೊತ್ತಾಯ್ತು.”

“ಹೆಂಗೆ?”

ಫೋನು ತೆಗೆದು ಮುಂದೆ ಹಿಡಿದಳು. ಹವಳ ಜೋರಾಗಿತ್ತು. ಅದರ ಮೇಲೆ, ತೊಟ್ಟಿಯ ಗಾಜಿನಲ್ಲಿ, ಹಳದಿ ಸ್ವೆಟರು ಹಾಕಿಕೊಂಡು ನಗುತ್ತಾ ನಿಂತ ಟೋರಿಲ್‌ಳ ಪ್ರತಿಬಿಂಬ! ಮುಂದಿನ ಫೋಟೋದಲ್ಲೂ ಅವಳೇ. ಅದರ ಮುಂದಿನದರಲ್ಲೂ. ನಲವತ್ತರಲ್ಲಿ ನಾನು ಆರಿಸಿ ಆರಿಸಿ ಕಳಿಸಿದ ಪ್ರತಿಯೊಂದರಲ್ಲೂ ಅವಳು ಇದ್ದಳು. ನಾನು ಹವಳ ನೋಡುತ್ತಿದ್ದೇನೆ ಅಂದುಕೊಂಡಿದ್ದೆ.

“ಬಾಯಲ್ಲಿ ಇರು ಇರು ಅಂತಿದ್ದೆ. ದಿನಾ ಕಳಿಸ್ತಿದ್ದದ್ದು ಮಾತ್ರ ನನ್ನ ಫೋಟೋ. ಯಾವುದನ್ನ ನಂಬಲಿ ಹೇಳು?” ಅಂದಳು ಟೋರಿಲ್. ಆಮೇಲೆ ಬನ್ನಿನ ತಟ್ಟೆ ನೋಡಿದಳು. “ಎರಡು ತಂದಿದ್ದೀಯಲ್ಲ! ಬಾ, ಸೂರ್ಯ ಬರೋ ಹೊತ್ತಾಯ್ತು, ಕಿಟಕಿ ಹತ್ರ ನಿಲ್ಲೋಣ. ಮೊದಲು ಆ ಪಂಪಿನಿಂದ ಕೈ ತೆಗಿ!”